ನಿಯಮ ಬರೆಯುವ ಮುನ್ನ ಮಾತು: ಕೃಷಿ ಮತ್ತು ಪ್ರಕೃತಿ ಸಂರಕ್ಷಣೆಯ ನೀತಿ ಸಂವಾದ ಹೇಗೆ ನಡೆಯುತ್ತದೆ

ನೆದರ್‌ಲೆಂಡ್ಸ್‌ನಲ್ಲಿ ಆಡಳಿತ ಸಂಬಂಧಿ ವಿವಾದಗಳಿಗೆ ಅಂತಿಮ ತೀರ್ಪು ನೀಡುವ ರಾಜ್ಯ ಪರಿಷತ್ತು 2019ರ ಮೇ 29ರಂದು ಸರ್ಕಾರದ ಸಾರಜನಕ ನಿರ್ವಹಣಾ ಯೋಜನೆಯನ್ನು ಅಸಿಂಧುಗೊಳಿಸಿತು. 2015ರಿಂದ ಜಾರಿಯಲ್ಲಿದ್ದ ಆ ಯೋಜನೆ ಒಂದು ನಿರೀಕ್ಷೆಯ ಮೇಲೆ ನಿಂತಿತ್ತು. ಮುಂದಿನ ವರ್ಷಗಳಲ್ಲಿ ಸಗಣಿ, ಗೊಬ್ಬರ, ವಾಹನಗಳ ಹೊಗೆ ಮೊದಲಾದವುಗಳಿಂದ ಬರುವ ಸಾರಜನಕದ ಮಾಲಿನ್ಯ ಹೇಗೂ ಇಳಿಯಲಿದೆ, ಆದ್ದರಿಂದ ಹೈನುಗಾರಿಕೆಯ ವಿಸ್ತರಣೆಗೂ ರಸ್ತೆ ಮತ್ತು ವಸತಿ ಕಾಮಗಾರಿಗಳಿಗೂ ಈಗಲೇ ಪರವಾನಗಿ ಕೊಡಬಹುದು ಎಂಬುದು ಆ ನಿರೀಕ್ಷೆ. ಇನ್ನೂ ಆಗದ ಇಳಿಕೆಯನ್ನು ಆಗಿಹೋಯಿತೆಂದು ಎಣಿಸಿ ಖರ್ಚು ಹಾಕುವ ಈ ಲೆಕ್ಕ, ಆವಾಸ ಸಂರಕ್ಷಣೆಯ ಐರೋಪ್ಯ ಕಾನೂನಿಗೆ ಹೊಂದುವುದಿಲ್ಲ ಎಂದು ಪರಿಷತ್ತು ಹೇಳಿತು. ಸುಮಾರು 18,000 ಕಾಮಗಾರಿಗಳು ಅತಂತ್ರವಾದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರೈತರ ಟ್ರ್ಯಾಕ್ಟರುಗಳ ಸಾಲು ಸರ್ಕಾರದ ನೆಲೆಯಾದ ಹೇಗ್ ನಗರವನ್ನು ಮುತ್ತಿತು. 2022ರ ಜೂನ್‌ನಲ್ಲಿ ಯಾವ ಪ್ರದೇಶದಲ್ಲಿ ಮಾಲಿನ್ಯವನ್ನು ಎಷ್ಟು ತಗ್ಗಿಸಬೇಕೆಂಬುದನ್ನು ಬಣ್ಣಗಳಲ್ಲಿ ಗುರುತಿಸಿದ ನಕ್ಷೆಯೊಂದನ್ನು ಸರ್ಕಾರ ಪ್ರಕಟಿಸಿತು. ಕೆಲವು ಕಡೆ ಆ ಗುರಿ ಶೇ 95ರಷ್ಟಿತ್ತು. ತಲೆಮಾರುಗಳಿಂದ ಹಸು ಸಾಕಿಕೊಂಡು ಬಂದ ಕುಟುಂಬಗಳಿಗೆ ತಮ್ಮ ಕಸುಬಿನ ಭವಿಷ್ಯ ತಿಳಿದದ್ದು ಆ ನಕ್ಷೆಯಿಂದ. 2023ರ ಮಾರ್ಚ್‌ನ ಪ್ರಾಂತೀಯ ಚುನಾವಣೆಯಲ್ಲಿ, ಹುಟ್ಟಿ ನಾಲ್ಕು ವರ್ಷವೂ ತುಂಬದ ರೈತರ ಪಕ್ಷವೊಂದು ಬಹುತೇಕ ಎಲ್ಲ ಪ್ರಾಂತ್ಯಗಳಲ್ಲಿ ಮೊದಲ ಸ್ಥಾನಕ್ಕೆ ಬಂದಿತು.

ಆ ದೇಶದಲ್ಲಿ ವಿಜ್ಞಾನಿಗಳ ಕೊರತೆಯಿರಲಿಲ್ಲ, ಹಣದ ಕೊರತೆಯೂ ಇರಲಿಲ್ಲ, ಕಾನೂನಂತೂ ಸ್ಪಷ್ಟವಾಗಿಯೇ ಇತ್ತು. ಹಾಗಿದ್ದೂ ಬಿಕ್ಕಟ್ಟು ವರ್ಷಗಟ್ಟಲೆ ಬಗೆಹರಿಯಲಿಲ್ಲ. ಬದಲಾವಣೆಯ ಹೊರೆಯನ್ನು ಯಾರು, ಎಷ್ಟು, ಯಾವ ಕ್ರಮದಲ್ಲಿ ಹೊರಬೇಕು ಎಂಬ ಮಾತುಕತೆ ನಿರ್ಧಾರಕ್ಕೆ ಮುಂಚೆ ನಡೆಯಬೇಕಿತ್ತು, ಅದು ನಡೆದದ್ದು ನಿರ್ಧಾರದ ನಂತರ, ಬೀದಿಯಲ್ಲಿ. ನೀತಿ ಸಂವಾದ ಎಂಬ ಪದದ ನಿಜವಾದ ಅರ್ಥ ಈ ಹಿಂದುಮುಂದಿನ ವ್ಯತ್ಯಾಸದಲ್ಲಿದೆ. ಆಡಳಿತದ ಭಾಷೆಯಲ್ಲಿ ಈ ಪದ ಸವೆದುಹೋಗಿದೆ. ಸಿದ್ಧವಾದ ಕರಡನ್ನು ಪ್ರಕಟಿಸಿ ಮೂವತ್ತು ದಿನಗಳಲ್ಲಿ ಆಕ್ಷೇಪಣೆ ಸಲ್ಲಿಸಿ ಎನ್ನುವುದನ್ನೂ ಸಂವಾದ ಎಂದೇ ಕರೆಯಲಾಗುತ್ತದೆ. ಅದನ್ನು ಅಹವಾಲು ಸ್ವೀಕಾರ ಎನ್ನಬೇಕು. ಆಡಳಿತ, ರೈತ, ಸಂರಕ್ಷಣಾವಾದಿ, ವಿಜ್ಞಾನಿ, ಆಹಾರೋದ್ಯಮಿ, ಗ್ರಾಹಕ ಒಟ್ಟಿಗೆ ಕುಳಿತು ಸಮಸ್ಯೆ ಯಾವುದು, ಅದನ್ನು ಅಳೆಯುವುದು ಹೇಗೆ, ಪರಿಹಾರದ ಖರ್ಚು ಯಾರದ್ದು ಎಂಬ ಮೂರು ಪ್ರಶ್ನೆಗಳಿಗೂ ಉತ್ತರವನ್ನು ಕೂಡಿ ಹುಡುಕಿದಾಗ, ಮತ್ತು ಸಿಕ್ಕ ಉತ್ತರಕ್ಕೆ ಸರ್ಕಾರ ಬದ್ಧವಾಗುವ ಸಾಧ್ಯತೆ ನಿಜವಾಗಿ ಇದ್ದಾಗ ಮಾತ್ರ ಅದು ಸಂವಾದವಾಗುತ್ತದೆ.

ಇಷ್ಟು ಕಷ್ಟದ ದಾರಿಯೇಕೆ, ಒಂದು ಬಿಗಿಯಾದ ಕಾನೂನು ತಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಕೃಷಿಯ ವ್ಯಾಪ್ತಿಯನ್ನು ನೋಡಿದರೆ ಪ್ರಶ್ನೆಯ ಗಾತ್ರ ತಿಳಿಯುತ್ತದೆ. ಮನುಷ್ಯರು ವಾಸಿಸಬಹುದಾದ ನೆಲದ ಸರಿಸುಮಾರು ಅರ್ಧದಷ್ಟು ಬೇಸಾಯ ಮತ್ತು ಮೇವಿಗೆ ಮೀಸಲಾಗಿದೆ. ನದಿ, ಕೆರೆ ಮತ್ತು ಅಂತರ್ಜಲದಿಂದ ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇ 70ರಷ್ಟು ಕೃಷಿಗೆ ಹೋಗುತ್ತದೆ. ಜೀವವೈವಿಧ್ಯ ಕುರಿತ ಅಂತರಸರ್ಕಾರಿ ವೇದಿಕೆಯ 2019ರ ವರದಿಯ ಪ್ರಕಾರ ಸುಮಾರು ಹತ್ತು ಲಕ್ಷ ಪ್ರಭೇದಗಳು ಅಳಿವಿನ ಅಪಾಯದಲ್ಲಿವೆ, ಮತ್ತು ನೆಲದ ಮೇಲೆ ಇದಕ್ಕೆ ಅತಿ ದೊಡ್ಡ ಕಾರಣ ಭೂಬಳಕೆಯ ಬದಲಾವಣೆ. ಅದೇ ವೇದಿಕೆ 2016ರಲ್ಲಿ ಇನ್ನೊಂದು ಮಗ್ಗುಲನ್ನೂ ತೋರಿಸಿತ್ತು: ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವು ಒಂದಲ್ಲ ಒಂದು ಪ್ರಮಾಣದಲ್ಲಿ ಜೇನ್ನೊಣ, ಚಿಟ್ಟೆ, ಹಕ್ಕಿಗಳಂತಹ ಪರಾಗಸ್ಪರ್ಶಿಗಳನ್ನು ಅವಲಂಬಿಸಿವೆ. ಅಂದರೆ ಪ್ರಕೃತಿಗೆ ಅತಿ ಹೆಚ್ಚು ಒತ್ತಡ ತರುವ ಉದ್ಯೋಗವೇ ಪ್ರಕೃತಿ ಕುಸಿದಾಗ ಮೊದಲು ನೋಯುವ ಉದ್ಯೋಗವೂ ಹೌದು. ಈ ಹೆಣಿಗೆಯನ್ನು ಒಂದೇ ಕಡೆಯಿಂದ ಎಳೆದರೆ ಬಿಚ್ಚುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ.

ಎರಡನೆಯ ಕಾರಣ ಮಾಲಿನ್ಯದ ಸ್ವಭಾವಕ್ಕೆ ಸಂಬಂಧಿಸಿದ್ದು. ಕಾರ್ಖಾನೆಯ ಕೊಳವೆಯಿಂದ ಹೊರಬರುವ ನೀರನ್ನು ಪರೀಕ್ಷಿಸಿ ದಂಡ ಹಾಕಬಹುದು. ಹೊಲಕ್ಕೆ ಕೊಳವೆಯಿಲ್ಲ. ಜಗತ್ತಿನಲ್ಲಿ ಬೆಳೆಗಳಿಗೆ ಒದಗಿಸುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧವನ್ನಷ್ಟೇ ಬೆಳೆ ಹೀರಿಕೊಳ್ಳುತ್ತದೆ. ಉಳಿದದ್ದರಲ್ಲಿ ಒಂದಿಷ್ಟು ನೈಟ್ರೇಟ್ ಆಗಿ ಬಾವಿ ಮತ್ತು ಹೊಳೆಗಳಿಗೆ ಇಳಿಯುತ್ತದೆ, ಒಂದಿಷ್ಟು ಅಮೋನಿಯಾ ಆಗಿ ಗಾಳಿಯಲ್ಲಿ ತೇಲಿ ಎಲ್ಲೋ ದೂರದ ಕಾಡಿನ ಮೇಲೆ ಬೀಳುತ್ತದೆ, ಒಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ವಾತಾವರಣವನ್ನು ಬಿಸಿಯೇರಿಸುತ್ತದೆ. ಅದು ಯಾರ ಹೊಲದಿಂದ, ಯಾವ ಮಳೆಯಲ್ಲಿ ಎಷ್ಟು ಹೊರಟಿತೆಂದು ಪ್ರತಿ ಹಿಡುವಳಿಯಲ್ಲೂ ಅಳೆಯುವುದು ಆಗದ ಮಾತು. ಗೊಬ್ಬರ ಹಾಕುವ ಹೊತ್ತು, ಮಳೆಯ ಮುನ್ಸೂಚನೆ, ಹೊಳೆಯಂಚಿನಲ್ಲಿ ಉಳಿಸುವ ಹುಲ್ಲಿನ ಪಟ್ಟಿ, ಕೊಟ್ಟಿಗೆಯ ನೀರು ಹರಿಯುವ ದಿಕ್ಕು, ಇಂತಹ ನೂರು ಸಣ್ಣ ನಿರ್ಧಾರಗಳನ್ನು ರೈತ ದಿನವೂ ತೆಗೆದುಕೊಳ್ಳುತ್ತಾನೆ. ಅವುಗಳ ಮೇಲೆ ಕಾವಲು ಕೂರಿಸಲು ಯಾವ ಇಲಾಖೆಗೂ ಸಾಧ್ಯವಿಲ್ಲದ್ದರಿಂದ, ರೈತನ ಒಪ್ಪಿಗೆಯಿಲ್ಲದ ನಿಯಮ ಕಡತದಲ್ಲೇ ಉಳಿಯುತ್ತದೆ.

ಮೂರನೆಯದು ಹಣ. ವಿಶ್ವಸಂಸ್ಥೆಯ ಮೂರು ಅಂಗಸಂಸ್ಥೆಗಳು 2021ರಲ್ಲಿ ಕೂಡಿ ಹೊರತಂದ ವರದಿಯು, ಜಗತ್ತಿನ ಸರ್ಕಾರಗಳು ಕೃಷಿ ಉತ್ಪಾದಕರಿಗೆ ವರ್ಷಕ್ಕೆ ಸುಮಾರು 54,000 ಕೋಟಿ ಡಾಲರ್ ಬೆಂಬಲ ನೀಡುತ್ತಿವೆ ಎಂದೂ, ಅದರಲ್ಲಿ ಶೇ 87ರಷ್ಟು ಬೆಲೆಗಳನ್ನು ತಿರುಚುವಂಥದ್ದು ಅಥವಾ ಪರಿಸರಕ್ಕೆ ಮತ್ತು ಸಮಾಜಕ್ಕೆ ಹಾನಿ ತರುವಂಥದ್ದು ಎಂದೂ ಲೆಕ್ಕ ಹಾಕಿತು. ಒಂದು ಕೈಯಲ್ಲಿ ರಸಗೊಬ್ಬರಕ್ಕೆ ಸಹಾಯಧನ ಕೊಟ್ಟು ಇನ್ನೊಂದು ಕೈಯಲ್ಲಿ ನದಿ ಶುದ್ಧೀಕರಣಕ್ಕೆ ಹಣ ಎತ್ತಿಡುವ ಸರ್ಕಾರದ ಮುಂದೆ, ರಸಗೊಬ್ಬರ ಹೆಚ್ಚು ಬಳಸಿದ ಎಂಬ ಕಾರಣಕ್ಕೆ ರೈತನನ್ನು ಅಪರಾಧಿಯಂತೆ ನಿಲ್ಲಿಸುವುದು ಅನ್ಯಾಯ. ಅವನು ನಡೆದದ್ದು ನೀತಿಯೇ ಹಾಕಿಕೊಟ್ಟ ದಾರಿಯಲ್ಲಿ. 2022ರ ಡಿಸೆಂಬರ್‌ನಲ್ಲಿ ಒಪ್ಪಿತವಾದ ಕುನ್‌ಮಿಂಗ್–ಮಾಂಟ್ರಿಯಲ್ ಜೀವವೈವಿಧ್ಯ ಚೌಕಟ್ಟು ತನ್ನ 23 ಗುರಿಗಳಲ್ಲಿ ಒಂದನ್ನು ಈ ಸಬ್ಸಿಡಿಗಳಿಗೇ ಮೀಸಲಿಟ್ಟು, ಜೀವವೈವಿಧ್ಯಕ್ಕೆ ಹಾನಿಕರವಾದ ಪ್ರೋತ್ಸಾಹಗಳನ್ನು 2030ರ ಹೊತ್ತಿಗೆ ವರ್ಷಕ್ಕೆ ಕನಿಷ್ಠ 50,000 ಕೋಟಿ ಡಾಲರ್‌ನಷ್ಟು ತಗ್ಗಿಸಬೇಕೆಂದು ಹೇಳುತ್ತದೆ. ಆದರೆ ಸಬ್ಸಿಡಿ ಕಡಿತವೆಂದರೆ ಯಾರದ್ದೋ ಆದಾಯದ ಕಡಿತ. ಅಂತರರಾಷ್ಟ್ರೀಯ ಒಪ್ಪಂದ ಗುರಿಯನ್ನು ಹೇಳಬಲ್ಲದು, ಯಾರ ಆದಾಯ ಎಂಬುದನ್ನು ಪ್ರತಿಯೊಂದು ದೇಶವೂ ತನ್ನ ಜನರೊಂದಿಗೆ ಕುಳಿತು ತೀರ್ಮಾನಿಸಿಕೊಳ್ಳಬೇಕು.

ಮಾತಿಲ್ಲದ ನಿರ್ಧಾರ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಶ್ರೀಲಂಕಾ ಸಾಕ್ಷಿ. ಅಲ್ಲಿನ ಸರ್ಕಾರ 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನು ನಿಷೇಧಿಸಿ, ಇಡೀ ದೇಶ ಸಾವಯವ ಕೃಷಿಗೆ ಹೊರಳಬೇಕೆಂದು ಸಾರಿತು. ವಿದೇಶಿ ವಿನಿಮಯದ ಕೊರತೆಯೂ ಆ ತುರ್ತಿನ ಹಿಂದೆ ಇತ್ತು. ಮಣ್ಣು ಸಾವಯವ ಪದ್ಧತಿಗೆ ಒಗ್ಗಲು ಹಲವು ಹಂಗಾಮುಗಳು ಬೇಕು, ಅಷ್ಟು ಪ್ರಮಾಣದ ಸಾವಯವ ಗೊಬ್ಬರ ದೇಶದಲ್ಲಿಲ್ಲ ಎಂದು ಕೃಷಿ ವಿಜ್ಞಾನಿಗಳೂ ಬೆಳೆಗಾರರೂ ಹೇಳಿದ ಮಾತಿಗೆ ಕಿವಿಗೊಡಲಿಲ್ಲ. ಭತ್ತದ ಇಳುವರಿ ತೀವ್ರವಾಗಿ ಕುಸಿಯಿತು, ಚಹಾ ತೋಟಗಳು ನಷ್ಟ ಕಂಡವು, ನವೆಂಬರ್ ಹೊತ್ತಿಗೆ ನಿಷೇಧವನ್ನು ಹಿಂತೆಗೆದುಕೊಳ್ಳಬೇಕಾಯಿತು. ನನಗೆ ಇದರಲ್ಲಿ ಎಲ್ಲಕ್ಕಿಂತ ದುಃಖದ ಸಂಗತಿ ಎಂದು ಕಾಣುವುದು ಬೇರೆ: ನಿಧಾನವಾಗಿ, ಪ್ರದೇಶವಾರು ಪ್ರಯೋಗದೊಂದಿಗೆ ನಡೆದಿದ್ದರೆ ಫಲ ಕೊಡಬಹುದಾಗಿದ್ದ ಒಂದು ಒಳ್ಳೆಯ ಆಶಯದ ಹೆಸರು ಬಹುಕಾಲ ಕೆಟ್ಟುಹೋಯಿತು.

ಇದಕ್ಕೆ ವಿರುದ್ಧವಾದ ಕಥೆಯೊಂದು ನ್ಯೂಯಾರ್ಕ್ ನಗರದ್ದು, ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಎಂಬತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಆ ನಗರದ ಕುಡಿಯುವ ನೀರಿನ ಸುಮಾರು ಶೇ 90ರಷ್ಟು ಬರುವುದು ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನ ಪ್ರದೇಶಗಳ ಬೆಟ್ಟಗಳಿಂದ. ಅಲ್ಲಿ ನೂರಾರು ಹೈನುಗಾರಿಕೆಯ ಕುಟುಂಬಗಳಿದ್ದವು. 1989ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ತಂದ ನಿಯಮದ ಪ್ರಕಾರ, ಮೇಲ್ಮೈ ನೀರನ್ನು ಪೂರೈಸುವ ನಗರಗಳು ಶೋಧನ ಘಟಕ ಕಟ್ಟಬೇಕಿತ್ತು, ಇಲ್ಲವೇ ಜಲಮೂಲವನ್ನೇ ಶುದ್ಧವಾಗಿ ಕಾಯುತ್ತೇವೆಂದು ತೋರಿಸಬೇಕಿತ್ತು. ಘಟಕಕ್ಕೆ ಹಲವು ಶತಕೋಟಿ ಡಾಲರ್ ಬೇಕಾಗುತ್ತಿತ್ತು. ನಗರಾಡಳಿತ ಮೊದಲು ಹಿಡಿದದ್ದು ಆಜ್ಞೆಯ ದಾರಿಯನ್ನೇ: 1990ರಲ್ಲಿ ಹೊರಬಂದ ಕರಡು ನಿಯಮಗಳು ಹೊಳೆಗಳ ಬಳಿ ಸಗಣಿ ಹರಡುವುದು, ದನ ಕಟ್ಟುವುದು ಮೊದಲಾದವನ್ನು ಬಿಗಿಯಾಗಿ ನಿರ್ಬಂಧಿಸುತ್ತಿದ್ದವು. ಕಿರಿದಾದ ಕಣಿವೆಗಳಲ್ಲಿ ಹೊಳೆಯ ದಂಡೆಯ ಮೇಲೇ ಇರುವ ಹಿಡುವಳಿಗಳಿಗೆ ಅದನ್ನು ಪಾಲಿಸುವುದೆಂದರೆ ಬಾಗಿಲು ಹಾಕಿದಂತೆಯೇ ಆಗುತ್ತಿತ್ತು. ರೈತರು ಕೆರಳಿದರು.

ಆಗ ರಾಜ್ಯದ ಕೃಷಿ ಇಲಾಖೆ ನಗರದ ಅಧಿಕಾರಿಗಳನ್ನೂ ರೈತರನ್ನೂ ಒಂದು ಕಾರ್ಯಪಡೆಯಲ್ಲಿ ಕೂರಿಸಿತು. ಒಂದು ವರ್ಷಕ್ಕೂ ಮಿಕ್ಕಿ ನಡೆದ ಆ ಮಾತುಕತೆಯಲ್ಲಿ ಎರಡೂ ಕಡೆಯವರು ಪರಸ್ಪರರಿಂದ ಕಲಿತರು. ನಗರದವರ ನಿಜವಾದ ಆತಂಕ ರೋಗಾಣುಗಳು ಮತ್ತು ರಂಜಕ ಎಂಬುದು ರೈತರಿಗೆ ತಿಳಿಯಿತು. ಒಂದೊಂದು ಹಿಡುವಳಿಯ ಇಳಿಜಾರು, ಮಣ್ಣು, ದನಗಳ ಸಂಖ್ಯೆ ಬೇರೆಯಾಗಿರುವಾಗ ಎಲ್ಲರಿಗೂ ಒಂದೇ ಅಳತೆಯ ಅಂತರ ವಿಧಿಸುವುದು ನಿಷ್ಪ್ರಯೋಜಕ ಎಂಬುದು ನಗರದವರಿಗೆ ತಿಳಿಯಿತು. ಇದರಿಂದ ಹುಟ್ಟಿದ ಒಪ್ಪಂದ ಹೀಗಿತ್ತು: ಪ್ರತಿ ಹಿಡುವಳಿಗೂ ಅದರದೇ ಒಂದು ಸಮಗ್ರ ಯೋಜನೆ, ಅದರ ಖರ್ಚು ಪೂರ್ತಿಯಾಗಿ ನಗರದ್ದು, ಯೋಜನೆಯ ಆಡಳಿತ ರೈತರೇ ಮುಂದಾಳುಗಳಾಗಿರುವ ಮಂಡಳಿಯದ್ದು, ಸೇರುವುದು ಬಿಡುವುದು ರೈತರ ಇಚ್ಛೆ. ಆದರೆ ಐದು ವರ್ಷಗಳಲ್ಲಿ ಶೇ 85ರಷ್ಟು ರೈತರು ಸೇರಬೇಕೆಂಬ ಗುರಿಯನ್ನು ಅವರು ಸಾಮೂಹಿಕವಾಗಿ ಹೊತ್ತರು. ಎಳೆಗರುಗಳ ಸಗಣಿಯಲ್ಲಿ ಕ್ರಿಪ್ಟೋಸ್ಪೋರಿಡಿಯಂ ಎಂಬ ರೋಗಾಣು ಹೆಚ್ಚಾಗಿರುವುದರಿಂದ ಕರುಗಳ ಕೊಟ್ಟಿಗೆಯನ್ನು ನೀರಿನ ಹಾದಿಯಿಂದ ದೂರ ಸರಿಸುವಂತಹ, ಹೊರಗಿನವರಿಗೆ ತೋಚದ ಉಪಾಯಗಳು ಇಂಥ ಯೋಜನೆಗಳಲ್ಲಿ ಬಂದವು. ಗುರಿಯನ್ನು ರೈತರು ತಲುಪಿದರು. 1997ರಲ್ಲಿ ನಗರ, ರಾಜ್ಯ, ಒಕ್ಕೂಟದ ಪರಿಸರ ಸಂಸ್ಥೆ, ಜಲಾನಯನದ ಊರುಗಳು ಮತ್ತು ಪರಿಸರ ಸಂಘಟನೆಗಳು ಇನ್ನೂ ವಿಸ್ತಾರವಾದ ಒಪ್ಪಂದಕ್ಕೆ ಸಹಿ ಹಾಕಿದವು. ಆ ಬೆಟ್ಟಗಳ ನೀರು ಇಂದಿಗೂ ಶೋಧನ ಘಟಕವಿಲ್ಲದೆ ನಗರವನ್ನು ತಲುಪುತ್ತಿದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಈ ಸಂವಾದ ಫಲಿಸಿದ್ದು ಎಲ್ಲರ ಸೌಜನ್ಯದಿಂದಷ್ಟೇ ಅಲ್ಲ. ಮಾತು ಮುರಿದರೆ ನಗರಕ್ಕೆ ಶೋಧನ ಘಟಕದ ವೆಚ್ಚ, ರೈತರಿಗೆ ಕಠಿಣ ನಿಯಮ, ಹೀಗೆ ಎರಡೂ ಕಡೆ ನಷ್ಟ ಖಚಿತವಾಗಿತ್ತು. ಹಿನ್ನೆಲೆಯಲ್ಲಿ ಕಾನೂನಿನ ಗಡುವು ನಿಂತಿರದಿದ್ದರೆ ಬಲಶಾಲಿ ಪಕ್ಷ ಕಾಲಹರಣ ಮಾಡುತ್ತಲೇ ಇರಬಹುದಿತ್ತು. ಸಂವಾದವೋ ಕಾನೂನೋ ಎಂದು ಇವೆರಡನ್ನು ಎದುರುಬದುರು ನಿಲ್ಲಿಸುವ ವಾದವನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಗಡುವು ಮತ್ತು ಗುರಿಯನ್ನು ಕಾನೂನು ಗಟ್ಟಿಯಾಗಿ ಹಿಡಿದಿರಬೇಕು, ದಾರಿಯನ್ನು ಮಾತುಕತೆಗೆ ಬಿಡಬೇಕು.

ಅಳೆಯುವ ಪ್ರಶ್ನೆಗೆ ಬಂದರೆ, ಐರ್ಲೆಂಡಿನ ಪಶ್ಚಿಮದ ಬರೆನ್ ಎಂಬ ಸುಣ್ಣಕಲ್ಲಿನ ಪ್ರದೇಶದ ಅನುಭವಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಪರೂಪದ ಕಾಡುಹೂಗಳಿಗೆ ಹೆಸರಾದ ಆ ಬಂಡೆಗಾಡಿನಲ್ಲಿ ರೈತರು ಶತಮಾನಗಳಿಂದ ದನಗಳನ್ನು ಚಳಿಗಾಲದಲ್ಲಿ ಎತ್ತರದ ಹುಲ್ಲುಗಾವಲುಗಳಿಗೆ ಅಟ್ಟುತ್ತಿದ್ದರು. ದನಗಳು ಒಣಹುಲ್ಲನ್ನು ಮೇಯ್ದು ಮುಗಿಸಿದ್ದರಿಂದಲೇ ವಸಂತದಲ್ಲಿ ಹೂಗಿಡಗಳಿಗೆ ಬೆಳಕು ಸಿಗುತ್ತಿತ್ತು. ಮೇಯಿಸುವುದು ಪ್ರಕೃತಿಗೆ ಹಾನಿಕರ ಎಂಬ ಸಾಮಾನ್ಯ ನಂಬಿಕೆಯ ಮೇಲೆ ಮೇವಿಗೆ ಕಡಿವಾಣ ಹಾಕಿದರೆ ಅಲ್ಲಿ ಹೂಗಳು ಹೆಚ್ಚುವುದಿಲ್ಲ, ಮುಳ್ಳುಪೊದೆ ಹೆಚ್ಚುತ್ತದೆ. ಈ ತಿಳಿವಳಿಕೆ ರೈತರಲ್ಲಿತ್ತು, ಸಂಶೋಧನೆ ಅದನ್ನು ದೃಢಪಡಿಸಿತು, ಮತ್ತು 2005ರಿಂದ ರೈತರು, ವಿಜ್ಞಾನಿಗಳು, ಸರ್ಕಾರಿ ಇಲಾಖೆಗಳು ಕೂಡಿ ಹೊಸ ಪದ್ಧತಿಯೊಂದನ್ನು ರೂಪಿಸಿದರು. ಅದರಂತೆ ಪ್ರತಿ ಹುಲ್ಲುಗಾವಲಿನ ಆರೋಗ್ಯಕ್ಕೆ ಹತ್ತರವರೆಗೆ ಅಂಕ. ಅಂಕ ಏರಿದಂತೆ ರೈತನಿಗೆ ಸಿಗುವ ಹಣವೂ ಏರುತ್ತದೆ. ಯಾವಾಗ ಮೇಯಿಸಬೇಕು, ಎಷ್ಟು ದನ ಬಿಡಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಇದರಿಂದ ಸಂವಾದದ ಧಾಟಿಯೇ ಬದಲಾಯಿತು. ನಿಯಮ ಮುರಿದೆಯಾ ಎಂದು ಕೇಳುವ ಅಧಿಕಾರಿಯ ಜಾಗದಲ್ಲಿ, ಈ ಹುಲ್ಲುಗಾವಲಿನ ಅಂಕ ಆರರಿಂದ ಎಂಟಕ್ಕೆ ಏರಲು ಏನು ಮಾಡೋಣ ಎಂದು ರೈತನ ಜೊತೆ ಹೊಲ ಸುತ್ತುವ ಸಲಹೆಗಾರ ಬಂದ. ಎಲ್ಲ ಪರಿಸರ ಸಮಸ್ಯೆಗಳಿಗೂ ಇಂಥ ಅಂಕಪಟ್ಟಿ ಹೊಂದುವುದಿಲ್ಲ ಎಂಬುದು ನಿಜ. ನೀರಿನಲ್ಲಿ ಕರಗಿದ ನೈಟ್ರೇಟನ್ನು ಹೂವಿನಂತೆ ಕಣ್ಣಿನಿಂದ ಎಣಿಸಲಾಗದು. ಆದರೆ ಅಳತೆಗೋಲನ್ನು ಎರಡೂ ಕಡೆಯವರು ಕೂಡಿ ಆರಿಸಿಕೊಂಡಾಗ ಅಂಕಿಅಂಶದ ಮೇಲಿನ ಜಗಳ ಬಹಳ ಮಟ್ಟಿಗೆ ತಗ್ಗುತ್ತದೆ ಎಂಬುದು ಎಲ್ಲ ಕಡೆಗೂ ಸಲ್ಲುವ ಮಾತು.

ಮೇಜಿನ ಸುತ್ತ ಯಾರು ಕುಳಿತಿದ್ದಾರೆ ಎಂಬುದು ಇನ್ನೊಂದು ದೊಡ್ಡ ವಿಷಯ. ಜಗತ್ತಿನ ಕೃಷಿ ಹಿಡುವಳಿಗಳಲ್ಲಿ ಸುಮಾರು ಶೇ 84ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. ಕೃಷಿಭೂಮಿಯ ಸುಮಾರು ಶೇ 12ರಷ್ಟನ್ನು ಮಾತ್ರ ಹೊಂದಿರುವ ಇವು ಜಗತ್ತಿನ ಆಹಾರದ ಮೂರನೆಯ ಒಂದು ಭಾಗದಷ್ಟನ್ನು ಬೆಳೆಯುತ್ತವೆ. ಆದರೆ ರಾಜಧಾನಿಯ ಸಭೆಗೆ ಎರಡು ದಿನ ಕೆಲಸ ಬಿಟ್ಟು ಬರಲು ಸಾಧ್ಯವಿರುವುದು ದೊಡ್ಡ ಹಿಡುವಳಿದಾರರ ಸಂಘಟನೆಗಳಿಗೆ, ಬೀಜ ಮತ್ತು ರಾಸಾಯನಿಕ ಕಂಪನಿಗಳಿಗೆ, ವೃತ್ತಿಪರ ಸಿಬ್ಬಂದಿಯುಳ್ಳ ಸ್ವಯಂಸೇವಾ ಸಂಸ್ಥೆಗಳಿಗೆ. ಸ್ವಂತ ನೆಲವಿಲ್ಲದ ಕೃಷಿ ಕೂಲಿಕಾರರು, ಗೇಣಿದಾರರು, ದನಗಾಹಿಗಳು, ಪಹಣಿಯಲ್ಲಿ ಹೆಸರಿಲ್ಲದೆ ಹೊಲದಲ್ಲಿ ದುಡಿಯುವ ಹೆಂಗಸರು, ಹೊಳೆಯ ಕೆಳಭಾಗದಲ್ಲಿ ನೀರಿಗಾಗಿ ಕಾಯುವವರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಆಹ್ವಾನ ಪತ್ರ ಕಳುಹಿಸಿದ ಮಾತ್ರಕ್ಕೆ ಇವರು ಬರಲಾರರು. ಅವರ ನುಡಿಯಲ್ಲಿ ದಾಖಲೆ, ಕಳೆದುಕೊಂಡ ದಿನಗೂಲಿಗೆ ಪರಿಹಾರ, ಸುಗ್ಗಿಯಲ್ಲದ ಕಾಲದಲ್ಲಿ ಸಭೆ, ಅವರ ಊರಿನಲ್ಲೇ ಸಭೆ, ಇಷ್ಟನ್ನಾದರೂ ಒದಗಿಸದಿದ್ದರೆ ಪ್ರಾತಿನಿಧ್ಯ ಹೆಸರಿಗಷ್ಟೇ ಉಳಿಯುತ್ತದೆ. ಮಾತನಾಡಲಾಗದ ಜೀವಿಗಳ ಪರವಾಗಿ ಮತ್ತು ಇನ್ನೂ ಹುಟ್ಟದವರ ಪರವಾಗಿ ಮಾತನಾಡುವ ಹೊಣೆ ಸಂರಕ್ಷಣಾ ಸಂಘಟನೆಗಳ ಮೇಲೆ ಬೀಳುತ್ತದೆ. ಅದು ಭಾರವಾದ ಹೊಣೆ.

ಸಹಮತ ಸಿಕ್ಕರೂ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಜರ್ಮನಿ ಕಲಿಸಿತು. 2020ರಲ್ಲಿ ರಚನೆಯಾದ ಕೃಷಿಯ ಭವಿಷ್ಯ ಆಯೋಗದಲ್ಲಿ ರೈತ ಸಂಘಟನೆ, ಪರಿಸರ ಸಂಘಟನೆ, ಪ್ರಾಣಿಕಲ್ಯಾಣ, ಗ್ರಾಹಕ, ಉದ್ಯಮ ಮತ್ತು ವಿಜ್ಞಾನ ಕ್ಷೇತ್ರಗಳ ಸುಮಾರು 30 ಸದಸ್ಯರು ಇದ್ದರು. ವರ್ಷಗಳಿಂದ ಪರಸ್ಪರ ಆರೋಪ ಮಾಡಿಕೊಂಡು ಬಂದಿದ್ದ ಇವರು 2021ರ ಬೇಸಿಗೆಯಲ್ಲಿ ಒಮ್ಮತದ ವರದಿಯೊಂದನ್ನು ಕೊಟ್ಟರು, ಕೃಷಿಯ ಪರಿವರ್ತನೆಗೆ ವರ್ಷಕ್ಕೆ 700 ಕೋಟಿಯಿಂದ 1,100 ಕೋಟಿ ಯೂರೋ ಬೇಕಾಗಬಹುದೆಂದು ಅಂದಾಜಿಸಿದರು, ಅದು ಇಡೀ ಸಮಾಜ ಹೊರಬೇಕಾದ ಹೊಣೆಯೆಂದರು. ಆ ಪ್ರಮಾಣದ ಹಣ ಬರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಸರ್ಕಾರ ಬಜೆಟ್ ಸರಿದೂಗಿಸಲು ಕೃಷಿ ಡೀಸೆಲ್‌ನ ರಿಯಾಯಿತಿಯನ್ನು ಕೈಬಿಡಲು ಹೊರಟಾಗ ಬರ್ಲಿನ್‌ನ ಬೀದಿಗಳು ಟ್ರ್ಯಾಕ್ಟರುಗಳಿಂದ ತುಂಬಿದವು. ಡೀಸೆಲ್ ರಿಯಾಯಿತಿಯನ್ನು ಪರಿಸರದ ದೃಷ್ಟಿಯಿಂದ ಸಮರ್ಥಿಸುವುದು ಕಷ್ಟ. ಆದರೂ ಅದನ್ನು ತೆಗೆಯುವ ಬಗೆಯನ್ನು ಯಾರೊಂದಿಗೂ ಚರ್ಚಿಸದೆ, ಹಿಂದಿನ ಒಮ್ಮತದ ವರದಿ ಕಪಾಟಿನಲ್ಲಿರುವಾಗಲೇ ಹಾಗೆ ಮಾಡಿದ್ದು, ಮಾತಿಗೆ ಕೂರುವುದೇ ವ್ಯರ್ಥ ಎಂದು ಹೇಳುವವರ ಕೈಯನ್ನು ಬಲಪಡಿಸಿತು. ಐರೋಪ್ಯ ಒಕ್ಕೂಟದ ಆಡಳಿತಾಂಗವಾದ ಐರೋಪ್ಯ ಆಯೋಗ 2024ರ ಜನವರಿಯಲ್ಲಿ ಕೃಷಿಯ ಭವಿಷ್ಯದ ಬಗ್ಗೆ ಆರಂಭಿಸಿದ 29 ಸದಸ್ಯರ ಕಾರ್ಯತಂತ್ರ ಸಂವಾದಕ್ಕೂ ಜರ್ಮನಿಯ ಆಯೋಗದ ಅಧ್ಯಕ್ಷರಾಗಿದ್ದ ಪೀಟರ್ ಸ್ಟ್ರೋಶ್‌ನೈಡರ್ ಅವರೇ ಅಧ್ಯಕ್ಷರಾದರು, ಸೆಪ್ಟೆಂಬರ್‌ನಲ್ಲಿ ಅದೂ ಒಮ್ಮತದ ವರದಿಯನ್ನೇ ನೀಡಿತು. ವಿರೋಧಿಗಳು ಒಪ್ಪಲಾರರು ಎಂಬ ಅನುಮಾನವನ್ನು ಈ ಎರಡು ವರದಿಗಳು ದೂರ ಮಾಡಿವೆ. ಇನ್ನು ಉಳಿದಿರುವುದು ಖಜಾನೆಯ ಪ್ರಶ್ನೆ.

ಆ ಪ್ರಶ್ನೆಯನ್ನು ಮಾತುಕತೆಯ ಒಳಗೇ ಎಳೆದು ತಂದದ್ದು ಡೆನ್ಮಾರ್ಕ್. ನೆಲದ ಸುಮಾರು ಶೇ 60ರಷ್ಟನ್ನು ಉಳುವ ಆ ದೇಶದಲ್ಲಿ ಗೊಬ್ಬರದ ಸಾರಜನಕ ಕೊಲ್ಲಿಗಳಿಗೆ ಹರಿದು, ಪಾಚಿ ಬೆಳೆದು ಕೊಳೆತು, ನೀರಿನ ಆಮ್ಲಜನಕ ಬತ್ತಿ ಜಲಚರಗಳು ಸಾಯುವುದು ಹಳೆಯ ದುರಂತ. ಸರ್ಕಾರ, ಕೃಷಿ ಮತ್ತು ಆಹಾರ ಮಂಡಳಿ, ಪ್ರಕೃತಿ ಸಂರಕ್ಷಣಾ ಸಂಘ, ಉದ್ಯಮ ಮತ್ತು ಕಾರ್ಮಿಕ ಸಂಘಟನೆಗಳು, ಪುರಸಭೆಗಳ ಒಕ್ಕೂಟ 2024ರ ಜೂನ್‌ನಲ್ಲಿ ಒಪ್ಪಂದವೊಂದಕ್ಕೆ ಬಂದವು. ನವೆಂಬರ್‌ನಲ್ಲಿ ಸಂಸತ್ತಿನ ಬಹುಮತದ ಪಕ್ಷಗಳು ಅದಕ್ಕೆ ಬೆಂಬಲ ನೀಡಿದವು. ಜಾನುವಾರುಗಳಿಂದ ಬರುವ ಹಸಿರುಮನೆ ಅನಿಲದ ಮೇಲೆ 2030ರಿಂದ ಟನ್‌ಗೆ 300 ಕ್ರೋನರ್ (ಡೆನ್ಮಾರ್ಕಿನ ಹಣ), 2035ರ ಹೊತ್ತಿಗೆ 750 ಕ್ರೋನರ್ ತೆರಿಗೆ ಎಂದು ಅದರಲ್ಲಿದೆ. ಆದರೆ ಶೇ 60ರಷ್ಟು ಕಡಿತ ಇರುವುದರಿಂದ ರೈತನ ಮೇಲೆ ಬೀಳುವ ನಿಜವಾದ ಹೊರೆ 120 ಮತ್ತು 300 ಕ್ರೋನರ್. ತೆರಿಗೆಯ ಹಣ ಕೃಷಿಯ ಹಸಿರು ಪರಿವರ್ತನೆಗೇ ಮರಳುತ್ತದೆ. 2,50,000 ಹೆಕ್ಟೇರ್ ಹೊಸ ಕಾಡು ಬೆಳೆಸುವುದು, ಇಂಗಾಲ ತುಂಬಿದ 1,40,000 ಹೆಕ್ಟೇರ್ ತಗ್ಗು ನೆಲವನ್ನು ಬೇಸಾಯದಿಂದ ಬಿಡಿಸಿ ಮತ್ತೆ ಜೌಗಾಗಲು ಬಿಡುವುದು ಇದರ ಭಾಗ. ಇದಕ್ಕಾಗಿ ಸುಮಾರು 4,300 ಕೋಟಿ ಕ್ರೋನರ್ ಎತ್ತಿಡಲಾಗಿದೆ. ತೆರಿಗೆ ಹಗುರವಾಯಿತೆಂದು ಕೆಲವು ಪರಿಸರವಾದಿಗಳೂ, ಮೊದಲ ಹೆಜ್ಜೆ ತಮ್ಮ ಮೇಲೇ ಏಕೆಂದು ಕೆಲವು ರೈತರೂ ಈಗಲೂ ಅಸಮಾಧಾನದಲ್ಲಿದ್ದಾರೆ. ಆದರೆ ನೆಲ ಬಿಡುವ ರೈತನಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಒಪ್ಪಂದದ ಒಳಗೇ ಬರೆದಿದೆ.

ಒಪ್ಪಂದದ ನಂತರ ಅಲ್ಲಿ ನಡೆದದ್ದು ನಕ್ಷೆ ಬರೆಯುವ ಕೆಲಸ, ಈ ಬಾರಿ ಮೇಲಿನಿಂದಲ್ಲ. ಕರಾವಳಿಯ ಜಲಾನಯನಗಳಿಗೆ ತಕ್ಕಂತೆ 23 ಸ್ಥಳೀಯ ತ್ರಿಪಕ್ಷೀಯ ಸಮಿತಿಗಳು ರಚನೆಯಾದವು. ಪುರಸಭೆಯ ಪ್ರತಿನಿಧಿಗಳು, ಆ ಭಾಗದ ರೈತರು, ಸಂರಕ್ಷಣಾ ಸಂಘದವರು ಒಂದೇ ಭೂಪಟದ ಮುಂದೆ ಕುಳಿತು, ಯಾವ ತಗ್ಗನ್ನು ಜೌಗಿಗೆ ಬಿಡಬೇಕು, ಯಾವ ದಿಣ್ಣೆಯಲ್ಲಿ ಕಾಡು ಏಳಬೇಕು, ಯಾವ ಹೊಲ ಹೊಲವಾಗಿಯೇ ಉಳಿಯಬೇಕು ಎಂದು ತುಂಡು ತುಂಡಾಗಿ ಗುರುತಿಸಲು ಶುರುಮಾಡಿದರು.